ಅಮ್ಮನ ಬೀರು, ಮೂರು ಟ್ರಂಕು, ನಮ್ಮ ಎರಡು ರೂಮಿನ ಮನೆ: ಏನು ಇಟ್ಕೊಳ್ಳಲಿ, ಏನು ಬಿಡ್ಲಿ?

ತಿಪಟೂರು ಮಗಳು
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ. ಅಪ್ಪ ಹೋಗಿ ಎರಡು ವರ್ಷ ಆಯ್ತು, ಅಮ್ಮ ತಿಪಟೂರಲ್ಲಿ ಒಬ್ರೇ ಇದ್ರು, ಮಂಡಿನೋವು ಜಾಸ್ತಿ ಆದ್ಮೇಲೆ ಹೋದ ತಿಂಗಳು ಬೆಂಗಳೂರಿಗೆ ನಮ್ಮನೆಗೇ ಕರ್ಕೊಂಡ್ ಬಂದ್ವಿ. ಅಮ್ಮನ ಜೊತೆ ಒಂದು ಟೆಂಪೋ ಸಾಮಾನು ಬಂತು. ಕಬ್ಬಿಣದ ಬೀರು ಒಂದು, ಟ್ರಂಕು ಮೂರು, ಎರಡು ಗೋಣಿಚೀಲದ ತುಂಬ ಹಿತ್ತಾಳೆ, ಸ್ಟೀಲು. ನಮ್ದು ಎರಡು ಬೆಡ್‌ರೂಮಿನ ಬಾಡಿಗೆ ಮನೆ, ವಾರ್ಡ್‌ರೋಬಲ್ಲಿ ನಮ್ಮ ಬಟ್ಟೆಗೇ ಜಾಗ ಸಾಲಲ್ಲ, ಮಗಳ ಯೂನಿಫಾರಂ ಯಾವಾಗ್ಲೂ ಕುರ್ಚಿ ಮೇಲೆ.

ಕೂತು ಎಣಿಸಿದೆ. ರೇಷ್ಮೆ ಸೀರೆ 46, ಕಾಟನ್ನು ವಾಯಿಲ್ಲು ಎಲ್ಲ ಸೇರಿ ನೂರರ ಮೇಲೆ, ಅಪ್ಪನ ಶರ್ಟು 14, ಪಂಚೆ 9, ಸಫಾರಿ ಸೂಟು 2, ಬ್ಲೌಸ್ ಪೀಸು 112. ಹೌದು ನೂರಾ ಹನ್ನೆರಡು, ಎರಡು ಸಲ ಎಣಿಸಿದೀನಿ.

ಈಗ ನಿಜವಾದ ವಿಷಯ. ಹೋದ ಶನಿವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಒಂದು ಟ್ರಂಕಿನ ಮೇಲ್ಗಡೆ ಇದ್ದ ಹರಕು ಕಾಟನ್ ಸೀರೆ, ಮಾಸಿದ ಟವೆಲು, ಹಳೇ ದಿಂಬಿನ ಕವರು ಎಲ್ಲ ಚೀಲಕ್ಕೆ ತುಂಬಿ ಒಣಕಸದ ಗಾಡಿಗೆ ಹಾಕ್ಬಿಟ್ಟೆ. ಸಂಜೆ ಅಮ್ಮ ಟ್ರಂಕ್ ತೆಗೆದು 'ಆ ಹಸಿರು ಚುಕ್ಕಿ ಸೀರೆ ಎಲ್ಲೇ?' ಅಂದ್ರು. ಅದು ನಮ್ಮಜ್ಜಿ ಉಟ್ಟಿದ್ದು, ಆಮೇಲೆ ನನಗೂ ನನ್ನ ತಮ್ಮನಿಗೂ ತೊಟ್ಟಿಲಿಗೆ ಕಟ್ಟಿದ್ದು ಅಂತೆ. ನನಗೆ ಗೊತ್ತೇ ಇರ್ಲಿಲ್ಲ. 'ಗೊತ್ತಿಲ್ಲಮ್ಮ, ಊರಲ್ಲೇ ಉಳೀತೇನೋ' ಅಂತ ಸುಳ್ಳು ಬೇರೆ ಹೇಳಿದೆ. ಅವತ್ತಿಂದ ನಾಲ್ಕು ದಿನ ಆಯ್ತು, ಊಟಕ್ಕೆ ಬರ್ತಾರೆ, ತಟ್ಟೆ ತೊಳೀತಾರೆ, ರೂಮಿಗೆ ಹೋಗ್ತಾರೆ. ಮಾತಿಲ್ಲ.

ಮನೇಲಿ ಕಾಲಿಡೋಕೆ ಜಾಗ ಇಲ್ಲ ಅನ್ನೋದೂ ನಿಜ, ನಾನು ಮಾಡಿದ್ದು ತಪ್ಪು ಅನ್ನೋದೂ ನಿಜ. ಅಪ್ಪ ಅಮ್ಮನ ಸಾಮಾನು ಒಪ್ಪ ಮಾಡಿದೋರು ಯಾರಾದ್ರೂ ಇದ್ರೆ ಹೇಗೆ ಮಾಡಿದ್ರಿ ಹೇಳಿ.

ಗಿರಿನಗರದವಳು
ಮೊದ್ಲು ಆ ಚೀಲ ಹುಡುಕಿ, ಮಿಕ್ಕಿದ್ದೆಲ್ಲ ಆಮೇಲೆ. ಒಣಕಸ ಸಾಮಾನ್ಯವಾಗಿ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗುತ್ತೆ, ಅಲ್ಲಿ ಕೂತು ರಟ್ಟು, ಪ್ಲಾಸ್ಟಿಕ್ಕು, ಗಾಜು ಅಂತ ಬೇರೆ ಬೇರೆ ಮಾಡ್ತಾರೆ. ಬಟ್ಟೆಗೆ ಅಷ್ಟು ರೇಟ್ ಸಿಗಲ್ಲ, ಹಾಗಾಗಿ ಒಂದು ಮೂಲೇಲಿ ರಾಶಿ ಬಿದ್ದಿರುತ್ತೆ. ನಾಲ್ಕು ದಿನ ಅಂದ್ರೆ ಇನ್ನೂ ಸಿಗಬಹುದು, ಬೆಳಗ್ಗೆ ಬೇಗ ಹೋಗಿ.

ತಿಪಟೂರು ಮಗಳು
ಈ ಯೋಚ್ನೆ ಬಂದೇ ಇರ್ಲಿಲ್ಲ. ನಾಳೆ ಏಳು ಗಂಟೆಗೇ ಹೋಗ್ತೀನಿ.

ಎರಡೇ ಸೂಟ್‌ಕೇಸ್
ನಿಮ್ಮ ಬೇಜಾರು ಅರ್ಥ ಆಗುತ್ತೆ, ಆದ್ರೂ ನೇರ ಹೇಳ್ತೀನಿ. ಒಂದು ವರ್ಷ ಕೈಗೇ ತಗೊಳ್ದೆ ಇದ್ದ ಬಟ್ಟೆ ಬೇಡದ ಬಟ್ಟೆ, ಅಷ್ಟೆ. ಆ ಬೀರು ನಿಂತಿರೋದು ಎಂಟು ಚದರಡಿ ಇರಬಹುದು, ಆ ಎಂಟು ಚದರಡಿಗೂ ನೀವು ತಿಂಗಳಾ ತಿಂಗಳಾ ಬಾಡಿಗೆ ಕಟ್ತಿದೀರಿ. ನಾನು ಮೂರು ಸಲ ಮನೆ ಬದಲಾಯಿಸಿದ್ಮೇಲೆ ಎಲ್ಲ ಕೊಟ್ಬಿಟ್ಟೆ, ಈಗ ನನ್ನ ಬಟ್ಟೆ ಎರಡು ಸೂಟ್‌ಕೇಸಲ್ಲಿ ಹಿಡಿಯುತ್ತೆ, ಬೆಳಗ್ಗೆ ಏನು ಹಾಕ್ಕೊಳ್ಳಲಿ ಅನ್ನೋ ಯೋಚ್ನೆನೇ ಇಲ್ಲ. 112 ಬ್ಲೌಸ್ ಪೀಸು ಯಾರು ಹೊಲಿಸ್ತಾರೆ ಹೇಳಿ?

ಮೈಸೂರು ಅಗ್ರಹಾರ
ಒಂದು ವರ್ಷದ ಲೆಕ್ಕ ಜೀನ್ಸಿಗೆ ಸರಿ ಸರ್, ರೇಷ್ಮೆ ಸೀರೆಗೆ ಆಗಲ್ಲ. ನನ್ನ ಧಾರೆ ಸೀರೆ ಹದಿನೆಂಟು ವರ್ಷದಲ್ಲಿ ನಾಲ್ಕು ಸಲ ಉಟ್ಟಿದೀನಿ. ನಿಮ್ಮ ಲೆಕ್ಕದಲ್ಲಿ ಅದು ಹದಿನೇಳು ವರ್ಷದ ಹಿಂದೆಯೇ ಮನೆಯಿಂದ ಹೋಗಬೇಕಿತ್ತು.

ಎರಡೇ ಸೂಟ್‌ಕೇಸ್
ನಿಮ್ದು ಒಂದು ಧಾರೆ ಸೀರೆ ಮೇಡಂ, ಅವರದ್ದು 46. ವ್ಯತ್ಯಾಸ ಇದೆ.

ಓದುಗಿ ಹೆಬ್ಬಾಳ
ಎಲ್ರೂ ಮನೆ ಒಪ್ಪ ಮಾಡೋದರ ಬಗ್ಗೆ ಪುಸ್ತಕ ಬರೆದ ಆ ಜಪಾನಿನ ಮರೀ ಕೊಂಡೊ ಹೆಸರು ಹೇಳ್ಕೊಂಡು ಬಿಸಾಕೋಕೆ ಶುರು ಮಾಡ್ತಾರೆ, ಆಕೆ ಹೇಳಿರೋ ಮುಖ್ಯವಾದ ಎರಡು ಮಾತು ಮಾತ್ರ ಯಾರಿಗೂ ನೆನಪಿರಲ್ಲ. ಒಂದು, ನಿಮ್ಮ ಸಾಮಾನು ಮಾತ್ರ ವಿಂಗಡಿಸಿ, ಮನೆಯವರದ್ದು ಅವರಿಗೆ ಗೊತ್ತಿಲ್ದೆ ಹೊರಗೆ ಹಾಕಬೇಡಿ. ಎರಡು, ಬಟ್ಟೆಯಿಂದ ಶುರು ಮಾಡಿ ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ನೆನಪಿನ ವಸ್ತು ಕಟ್ಟಕಡೆಗೆ. ಯಾಕಂದ್ರೆ ಕೈ ಪಳಗಬೇಕು. ನೀವು ಕಟ್ಟಕಡೆಗೆ ಮುಟ್ಟಬೇಕಾದ್ದನ್ನ ಮೊದಲು ಮುಟ್ಟಿದೀರಿ, ಅದೂ ಬೇರೆಯವರದ್ದು. ಅಂದಹಾಗೆ ಮೂರನೇ ಮಗು ಆದ್ಮೇಲೆ ಮನೆ ಅಚ್ಚುಕಟ್ಟಾಗಿ ಇಡೋದನ್ನ ಹೆಚ್ಚುಕಮ್ಮಿ ಬಿಟ್ಟಿದೀನಿ ಅಂತ ಆಕೆನೇ 2023ರಲ್ಲಿ ಹೇಳಿದ್ರು, ಅದನ್ನ ಓದಿ ನನಗಂತೂ ಆಕೆ ಮೇಲೆ ಗೌರವ ಜಾಸ್ತಿ ಆಯ್ತು.

ಧಾರವಾಡದಾಕಿ
ಅಲ್ರೀ ಅಕ್ಕಾರ, ಹಳೇ ಕಾಟನ್ ಸೀರಿ ಹಂಗ ಒಗದ ಬಿಟ್ರಿ? ನಮ್ಮ ಕಡೆ ಯಾರೂ ಒಗಿಯೂದಿಲ್ರೀ. ಪಿಸದ ಸೀರಿ, ಧೋತ್ರ, ಮಾವನವರ ಅಂಗಿ, ಹುಡುಗರ ಫ್ರಾಕು ಎಲ್ಲಾ ಕೂಡಿಸಿ ಕೌದಿ ಹೊಲಸ್ತೇವಿ. ಕೆಳಗ ಒಂದ ಗಟ್ಟಿ ಸೀರಿ ಹಾಸೂದು, ಅದರ ಮ್ಯಾಲ ಪಿಸದ ಅರಿವಿ ಎರಡ ಮೂರ ಪದರ, ಮ್ಯಾಲ ಬಣ್ಣಬಣ್ಣದ ತುಂಡ ಜೋಡಿಸಿ ಕೈಲೇ ಸಣ್ಣ ಹೊಲಿಗಿ ಹಾಕ್ಕೋತ ಹೋಗೂದು. ಹಳೇ ಕಾಟನ್ ಎಷ್ಟ ಒಗದಿರತಾವ ಅಷ್ಟ ಮೆತ್ತಗ. ನಮ್ಮವ್ವ ಹೊಲಿದ ಕೌದ್ಯಾಗ ನಮ್ಮ ಆಯಿ ಉಟ್ಟ ಇಳಕಲ್ ಸೀರಿ ದಡಿ ಐತಿ, ನಮ್ಮಣ್ಣನ ಸಾಲಿ ಅಂಗಿ ಐತಿ, ಥಂಡಿ ದಿನದಾಗ ಅದನ್ನ ಹೊತಗೊಂಡ್ರ ಬ್ಯಾರೆ ಯಾವ ಬ್ಲ್ಯಾಂಕೆಟ್ಟೂ ಬ್ಯಾಡ ಅನಸ್ತದ.

ಮೈಸೂರು ಅಗ್ರಹಾರ
ಒಗೆದು ಬಿಟ್ರಿ ಅಂದ್ರೆ ಬಿಸಾಕಿದ್ರಿ ಅಂತನಾ? ನಾನು ವಾಶ್ ಮಾಡಿದ್ರಿ ಅಂತ ಓದ್ಕೊಂಡು, ಸೀರೆ ಒಗೆದ್ರೆ ಏನು ತಪ್ಪು ಅಂತ ಯೋಚ್ನೆ ಮಾಡ್ತಾ ಕೂತಿದ್ದೆ.

ಧಾರವಾಡದಾಕಿ
ನಮ್ಮಲ್ಲೆ ಎರಡೂ ಒಗಿಯೂದ ರೀ. ಅರಿವಿ ಒಗಿ ಅಂದ್ರ ತೊಳಿಯೂದು, ಕಲ್ಲ ಒಗಿ ಅಂದ್ರ ಬೀಸಿ ಒಗಿಯೂದು. ಮಾತಿನ ಮ್ಯಾಲ ತಿಳೀತದ.

ಯಲ್ಲಾಪುರ ರಸ್ತೆ
ಕೌದಿ ವಿಷಯ ಬಂತು ಅಂತ ಹೇಳ್ತೆ. ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಮಾಡೋ ಕವಂದಿ ಇನ್ನೂ ಬೇರೆ ರೀತಿ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸುತ್ತ ಸುತ್ತ ಹೊಲೀತಾ ತುಂಡು ಸೇರಿಸ್ತಾ ನಡುವಿಗೆ ಬಂದು ಮುಗಿಸೋದು. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಸಣ್ಣ ತುಂಡು ಇಡ್ತಾರೆ, ಅದಕ್ಕೆ 'ಫೂಲ' ಅಂತಾರೆ, ಹೂವು. ಹೂವಿಲ್ದೇ ಇದ್ರೆ ಕವಂದಿ ಬೆತ್ತಲೆ ಅಂತ ಅವರ ಮಾತು. ಒಂದು ತರಿಸ್ಕೊಳ್ಳಿ, ಹರಕು ಬಟ್ಟೆ ಅನ್ನೋ ಶಬ್ದನೇ ಮರ್ತು ಹೋಗ್ತದೆ.

ಚಿಕ್ಕಪೇಟೆ ಗಲ್ಲಾ
ನಾನು 22 ವರ್ಷದಿಂದ ರೇಷ್ಮೆ ಸೀರೆ ಅಂಗಡೀಲಿ ಕೆಲಸ ಮಾಡ್ತಿದೀನಿ, ಅದಕ್ಕೇ ಆ 46ರ ಬಗ್ಗೆ ಮಾತ್ರ ಹೇಳ್ತೀನಿ. ದಯವಿಟ್ಟು ಯಾವುದನ್ನೂ ಅವಸರದಲ್ಲಿ ಕೊಡಬೇಡಿ.

ಮೊದಲು ಒಂದೊಂದೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದ ಸೀರೆ ಆ ಗೆರೆ ಹಿಡಿದೇ ಪಿಸಿಯುತ್ತೆ, ಅದರಲ್ಲೂ ಜರಿ ಅಂಚು ರೇಷ್ಮೆ ಸೇರೋ ಜಾಗ. ಉಗುರಿಂದ ಮೆಲ್ಲಗೆ ಎಳೆದ್ರೆ ದಾರ ಬಿಟ್ಕೊಂಡ್ರೆ ಅದು ಉಡೋಕೆ ಆಗಲ್ಲ. ಗಟ್ಟಿ ಇದ್ರೆ ಎರಡು ಮೂರು ಗಂಟೆ ನೆರಳಲ್ಲಿ ಗಾಳಿಗೆ ಹಾಕಿ, ಬಿಸಿಲಿಗೆ ಬೇಡ, ಮಡಿಕೆ ಬದಲಾಯಿಸಿ ಹಳೇ ಬಿಳೀ ಪಂಚೆ ತುಂಡಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಂದು ಸಲ ಮಡಿಕೆ ಬದಲಾಯಿಸ್ತಾ ಇರಬೇಕು. ಅಂಗಡಿಯ ಪ್ಲಾಸ್ಟಿಕ್ ಕವರಲ್ಲಿ ಹಾಗೇ ಇಡಬೇಡಿ, ಒಳಗೆ ತೇವ ನಿಲ್ಲುತ್ತೆ. ಕಬ್ಬಿಣದ ಹ್ಯಾಂಗರಿಗೆ ತೂಗು ಹಾಕಬೇಡಿ, ತುಕ್ಕಿನ ಕಲೆ ಬಿದ್ರೆ ಹೋಗಲ್ಲ. ನುಸಿಗುಳಿಗೆ ಜರಿಗೆ ತಾಗಿದ್ರೆ ಜರಿ ಕಪ್ಪಾಗುತ್ತೆ.

ಜರಿ ಬಗ್ಗೆ. ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರೋದು. ಹಿಂಭಾಗದಲ್ಲಿ ಸಡಿಲವಾದ ಒಂದು ಎಳೆ ಉಗುರಲ್ಲಿ ಕೆರೆದ್ರೆ ಒಳಗೆ ಸಾಮಾನ್ಯವಾಗಿ ಕೆಂಪು ದಾರ ಕಾಣುತ್ತೆ. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾಗಿದ್ದು, ಈಗ ಕೆಎಸ್‌ಐಸಿ, ಅಂದ್ರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅವರ ಜರಿಯಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ. ಹಾಗಾಗಿ 'ಹಳೇ ಜರಿ ಸೀರೆ ಕೊಳ್ತೀವಿ' ಅಂತ ಬಾಗಿಲಿಗೆ ಬಂದೋರಿಗೆ ಮೂಟೆ ಲೆಕ್ಕದಲ್ಲಿ ಕೊಡಬೇಡಿ. ಅವರು ಕೊಳ್ಳೋದು ಸೀರೆನ ಅಲ್ಲ, ಸುಟ್ಟು ತೆಗೆಯೋ ಬೆಳ್ಳಿನ.

ಸೂರ್ಯಕಾಂತಿ 62
ಇವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮತ್ತೆಯವರ ಮೂರು ಸೀರೆ ಬಾಗಿಲಿಗೆ ಬಂದೋನಿಗೆ ಕೊಟ್ಟೆ, ಆಮೇಲೆ ಒಂದರ ಸೆರಗು ಫೋಟೋದಲ್ಲಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ದುಡ್ಡಿಗಲ್ಲ. ಆ ಅಂಚು ಈಗ ಎಲ್ಲೂ ಸಿಗಲ್ಲ.

ಪಣಂಬೂರು ಗಾಳಿ
ನೀವು ಬೆಂಗಳೂರಿನವರು ಪುಣ್ಯವಂತರು ಮಾರಾಯ್ರೆ. ನಮ್ಮಲ್ಲಿ ಜೂನ್ ಬಂತೆಂದರೆ ಬೀರು ಬಾಗಿಲು ತೆಗೆದ ಕೂಡ್ಲೇ ಬೂಸ್ಟು ವಾಸನೆ, ಚರ್ಮದ ಬೆಲ್ಟು ಬೆಳ್ಳಗಾಗಿರ್ತದೆ. ನಮ್ಮ ತಾಯಿ ಮೇ ಕೊನೆಗೆ ಎಲ್ಲ ಸೀರೆ ತೆಗೆದು ಒಂದು ದಿನ ಗಾಳಿಗೆ ಹಾಕಿ, ಬೀರು ಒರೆಸಿ, ಒಣಗಿದ ಲಾವಂಚ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಗಳಲ್ಲಿ ಇಡ್ತಾರೆ. ಮಳೆಗಾಲದಲ್ಲಿ ರೇಷ್ಮೆ ಸೀರೆ ಉಟ್ಟು ಬಂದ್ರೆ ಬೆವರು ಪೂರ್ತಿ ಆರುವವರೆಗೆ ಒಳಗೆ ಇಡ್ಲಿಕ್ಕೇ ಬಿಡುವುದಿಲ್ಲ. ನಾನು ಶೂ ಬಾಕ್ಸಲ್ಲಿ ಬರುವ ಆ ಸಿಲಿಕಾ ಜೆಲ್ ಪ್ಯಾಕೆಟ್ ಎಲ್ಲ ಒಟ್ಟು ಮಾಡಿ ಇಡ್ತೇನೆ. ಮತ್ತೆ ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ಮಕ್ಕಳ ವಾರ್ಡ್ ನರ್ಸ್
ನುಸಿಗುಳಿಗೆ ಮಾತು ಬಂತಲ್ಲ, ಇದನ್ನ ದಯವಿಟ್ಟು ಎಲ್ರೂ ಓದಿ. ಹುಟ್ಟಿದ ಮಗುಗೆ ಅಂತ ಟ್ರಂಕಿಂದ ಹಳೇ ಮೆತ್ತನೆ ಸೀರೆ, ಹಳೇ ಸ್ವೆಟರು, ಟೋಪಿ ತೆಗೆದು ಹಾಗೇ ಸುತ್ತೋದು ನಮ್ಮಲ್ಲಿ ವಾಡಿಕೆ. ಆ ಟ್ರಂಕಲ್ಲಿ ನ್ಯಾಫ್ತಲೀನ್ ಗುಳಿಗೆ ಇದ್ದಿದ್ರೆ ಅಪಾಯ ಇದೆ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಆ ಆವಿಯಿಂದಲೇ ರಕ್ತಕಣ ಒಡೆದು ಕಾಮಾಲೆ ತೀರಾ ಜಾಸ್ತಿ ಆಗಬಹುದು, ಮಗುಗೆ ಆ ಕೊರತೆ ಇದೆಯೋ ಇಲ್ವೋ ಅಂತ ತುಂಬ ಮನೆಗಳಲ್ಲಿ ಗೊತ್ತೇ ಇರಲ್ಲ. ಬಾಣಂತಿ ಮಗು ಬಟ್ಟೆ ಇಡೋ ಕಡೆ ಗುಳಿಗೆ ಹಾಕಲೇಬೇಡಿ. ಒಣಗಿದ ಬೇವಿನ ಸೊಪ್ಪು ಸಾಕು.

ಗಿರಿನಗರದವಳು
ನನ್ನ ತಂಗಿಗೆ ಏಳು ತಿಂಗಳು. ಈಗಲೇ ನಮ್ಮಮ್ಮನಿಗೆ ಫೋನ್ ಮಾಡ್ತೀನಿ, ಟ್ರಂಕಿನ ತುಂಬ ಗುಳಿಗೆ ಇದೆ.

ಡಲ್ಲಾಸ್ ಕನ್ನಡಿಗ
ಇಲ್ಲಿ ನಮ್ಮ ಕ್ಲಾಸೆಟ್ ದೊಡ್ಡದು, ಆದ್ರೂ ಇದೇ ಕಥೆ. ಅಮ್ಮ ಬಂದಾಗಲೆಲ್ಲ 23 ಕೆಜಿ ಎರಡು ಪೆಟ್ಟಿಗೆಯಲ್ಲಿ ಅರ್ಧ ಸೀರೆ, ಅರ್ಧ ಚಟ್ನಿಪುಡಿ. ಹೆಂಡತಿ ವರ್ಷಕ್ಕೆ ಎರಡು ಸಲ ಉಡ್ತಾಳೆ, ಯುಗಾದಿಗೆ, ದೀಪಾವಳಿಗೆ. ಇಲ್ಲಿನ ಕನ್ನಡ ಹೆಂಗಸರು ಏಳೆಂಟು ಮನೆಯವರು ಸೇರಿ ಒಂದು ಒಪ್ಪಂದ ಮಾಡ್ಕೊಂಡಿದಾರೆ, ಎಲ್ರ ಸೀರೆ ಫೋಟೋ ಒಂದು ಕಡೆ ಹಾಕಿ ಬೇಕಾದೋರು ತಗೊಂಡು ಉಟ್ಟು ವಾಪಸ್ ಕೊಡೋದು. ಹೊಸದು ಕೊಳ್ಳೋದು ತುಂಬ ಕಮ್ಮಿ ಆಯ್ತು.

ಮೈಸೂರು ಅಗ್ರಹಾರ
ಬ್ಲೌಸ್ ಏನು ಮಾಡ್ತಾರೆ? ಅಳತೆ ಬೇರೆ ಬೇರೆ ಅಲ್ವಾ.

ಡಲ್ಲಾಸ್ ಕನ್ನಡಿಗ
ಕಪ್ಪು ಒಂದು, ಚಿನ್ನದ ಬಣ್ಣದ್ದು ಒಂದು, ಎಲ್ಲಕ್ಕೂ ಅದೇ ಹಾಕ್ಕೊಳ್ತಾರಂತೆ. ಹೆಂಡತೀನ ಕೇಳಿ ಬರೀತಿದೀನಿ.

ತಿಪಟೂರು ಮಗಳು
ಹೋಗಿ ಬಂದೆ. ಸಿಗ್ಲಿಲ್ಲ.

ಸಂಗ್ರಹ ಕೇಂದ್ರದಲ್ಲಿ ಇದ್ದ ಅಕ್ಕ ತುಂಬ ಒಳ್ಳೆಯೋರು, ನನ್ನ ಮುಖ ನೋಡಿನೇ 'ಏನ್ ಕಳ್ಕೊಂಡ್ರಿ' ಅಂದ್ರು. ಬಟ್ಟೆ ರಾಶಿ ಪೂರ್ತಿ ನನ್ನ ಜೊತೆ ಕೆದಕಿದ್ರು, ಒಂದು ಗಂಟೆ. ದಿಂಬಿನ ಕವರು ಸಿಕ್ತು, ಒಂದು ಟವೆಲ್ಲೂ ಸಿಕ್ತು, ಸೀರೆ ಇಲ್ಲ. ಮೆತ್ತಗಿರೋ ಕಾಟನ್ ಗ್ಯಾರೇಜಿನವರು ಎಣ್ಣೆ ಒರೆಸೋಕೆ ತಗೊಂಡು ಹೋಗ್ತಾರಂತೆ, ಹಿಂದಿನ ದಿನವೇ ಒಂದು ಮೂಟೆ ಹೋಗಿತ್ತು. ನಾನು ಅಲ್ಲೇ ನಿಂತು ಅತ್ತೆ. ಆ ಅಕ್ಕ ಹೇಳಿದ ಇನ್ನೊಂದು ಮಾತು ಎಲ್ರಿಗೂ ಹೇಳಬೇಕು, ಜನ ಒಳ್ಳೇ ಬಟ್ಟೆ ಜೊತೆ ಒದ್ದೆ ಕಸ ಹಾಕ್ಬಿಡ್ತಾರೆ, ಒಂದು ಉಳಿದ ಸಾಂಬಾರ್ ಪ್ಯಾಕೆಟ್ ಒಡೆದ್ರೆ ಇಡೀ ಮೂಟೆ ಯಾರಿಗೂ ಬೇಡ ಆಗುತ್ತೆ. ಬಟ್ಟೆ ಕೊಡೋದಾದ್ರೆ ಬೇರೆ ಚೀಲದಲ್ಲಿ ಕಟ್ಟಿ 'ಬಟ್ಟೆ' ಅಂತ ಬರೆದು ಕೊಡಿ ಅಂದ್ರು.

ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿದೆ. ಕದ್ದು ಹಾಕಿದ್ದು, ಸುಳ್ಳು ಹೇಳಿದ್ದು, ಇವತ್ತು ಹುಡುಕೋಕೆ ಹೋಗಿದ್ದು ಎಲ್ಲ. ಅಮ್ಮ ಸುಮಾರು ಹೊತ್ತು ಸುಮ್ನಿದ್ದು 'ಸ್ನಾನ ಮಾಡಿದ್ಯಾ?' ಅಂದ್ರು. ಐದು ದಿನದ ನಂತರ ಮೊದಲ ಮಾತು ಅದು. ಸ್ನಾನ ಮಾಡಿ ಬರೋಷ್ಟ್ರಲ್ಲಿ ಮೂರನೇ ಟ್ರಂಕ್ ತೆಗೆದು ಕೂತಿದ್ರು. ಅದರಲ್ಲಿ ದಸರಾ ಗೊಂಬೆ. ಪಟ್ಟದ ರಾಜ ರಾಣಿ, ಚೆಟ್ಟಿಯಾರ್ ಜೋಡಿ, ಕಾಲು ಮುರಿದ ಆನೆ, ಒಂದೊಂದಕ್ಕೂ ಹಳೇ ಬಟ್ಟೆ ಸುತ್ತಿ ದಾರ ಕಟ್ಟಿದ್ರು. ರಾಣಿ ಗೊಂಬೆ ಬಿಚ್ಚಿ ಬಟ್ಟೆ ನನ್ನ ಕೈಗೆ ಕೊಟ್ರು. ಹಸಿರು, ಬಿಳೀ ಚುಕ್ಕಿ. 'ಸೀರೆ ಎರಡು ಹೋಳು ಮಾಡಿದ್ದೆ, ಒಂದು ಹೋಳು ತೊಟ್ಟಿಲಿಗೆ, ಇನ್ನೊಂದು ಹರಿದು ಗೊಂಬೆಗೆ' ಅಂದ್ರು. ಕೈಯಗಲದ ಆರು ತುಂಡು ಇದೆ. ಚುಕ್ಕಿ ಹತ್ರ ದಾರ ಎಷ್ಟು ತೆಳ್ಳಗಾಗಿದೆ ಅಂದ್ರೆ ಆಚೆ ಕಡೆ ನನ್ನ ಬೆರಳು ಕಾಣುತ್ತೆ.

ತೊಟ್ಟಿಲಿಗೆ ಕಟ್ಟಿದ್ದು ಹೋಯ್ತು, ಅದು ವಾಪಸ್ ಬರಲ್ಲ, ಅಮ್ಮನೂ ಸರಿ ಹೋಯ್ತು ಬಿಡು ಅಂತ ಹೇಳ್ಲಿಲ್ಲ. ಆದ್ರೆ ಮಾತಾಡ್ತಿದಾರೆ.

ಸೂರ್ಯಕಾಂತಿ 62
ಓದಿ ಕಣ್ಣು ತುಂಬಿ ಬಂತಮ್ಮ. ಆ ಕೇಂದ್ರದ ಅಕ್ಕನಿಗೆ ಹಬ್ಬಕ್ಕೆ ಏನಾದ್ರೂ ಕೊಟ್ಟು ಬಾ.

ಧಾರವಾಡದಾಕಿ
ಆ ಆರು ತುಂಡ ಇಟಗೋರಿ. ಕೌದಿ ನಟ್ಟನಡುವ ಹಚ್ಚಸೂಣು. ಪಿಸದ ಹೋಗಿದ್ರೂ ಚಿಂತಿಲ್ಲ, ಕೆಳಗ ಗಟ್ಟಿ ಅರಿವಿ ಇಟ್ಟ ಹೊಲದ್ರ ತಡೀತದ.

ಹಾಸನದ ಮೇಷ್ಟ್ರು
ನಾನು ಸಾಮಾನ್ಯವಾಗಿ ಓದ್ಕೊಂಡು ಹೋಗೋನು, ಬರೆಯಲ್ಲ. ಅಪ್ಪನ 14 ಶರ್ಟು ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನಮ್ಮ ತಂದೆ ತೀರ್ಕೊಂಡ ಹದಿನೈದು ದಿನಕ್ಕೇ ನೆಂಟರೆಲ್ಲ ಸೇರಿ ಅವರ ಬಟ್ಟೆ ಹಂಚಿಬಿಟ್ರು, ಮನೇಲಿ ಇಟ್ಕೋಬಾರದು ಅಂತ ಶಾಸ್ತ್ರ ಹೇಳಿದ್ರು. ನಾನು ಬೇಡ ಅನ್ನೋಕೆ ಹೋಗ್ಲಿಲ್ಲ. ಈಗ ಉಳಿದಿರೋದು ಒಂದು ಕನ್ನಡಕದ ಡಬ್ಬಿ ಮಾತ್ರ. ಎಲ್ಲ ಇಟ್ಕೊಳ್ಳಿ ಅಂತಲ್ಲ, ತಾಯಿಯವರಿಗೆ ಬೇಕಾದ ಒಂದು ಶರ್ಟು ಅವರೇ ಆರಿಸಲಿ. ಯಾವುದು ಅಂತ ನೀವು ಊಹೆ ಮಾಡೋಕೆ ಹೋಗಬೇಡಿ, ಅವರಿಗೆ ಮಾತ್ರ ಗೊತ್ತಿರುತ್ತೆ.

ಎರಡೇ ಸೂಟ್‌ಕೇಸ್
ನಾನು ಮೊದಲು ಬರೆದಿದ್ದು ಸ್ವಲ್ಪ ಒರಟಾಯ್ತು. ಜಾಗದ ಲೆಕ್ಕ ಈಗಲೂ ಸರಿ ಅಂತಲೇ ಅನಿಸುತ್ತೆ, ಆದ್ರೆ ನಾನು ಕೊಟ್ಟಿದ್ದು ನನ್ನ ಸಾಮಾನು, ಅಮ್ಮಂದಲ್ಲ, ಆ ವ್ಯತ್ಯಾಸ ಹೇಳಬೇಕಿತ್ತು. ಒಂದು ಕೆಲಸದ ಸಲಹೆ ಕೊಡ್ತೀನಿ. ಬೇಡ ಅಂತ ತೀರ್ಮಾನ ಆಗದೇ ಇರೋದನ್ನ ಒಂದು ಡಬ್ಬಕ್ಕೆ ಹಾಕಿ ದಿನಾಂಕ ಬರೆದು ಅಟ್ಟದ ಮೇಲಿಡಿ, ಆರು ತಿಂಗಳು ಬಿಟ್ಟು ಅಮ್ಮನ ಜೊತೆನೇ ತೆಗೀರಿ.

ಸ್ವಯಂಸೇವಕ ಮಡಿಕೇರಿ
ದಾನದ ಬಗ್ಗೆ ಒಂದು ಮಾತು. 2018ರ ಆಗಸ್ಟಲ್ಲಿ ನಮ್ಮ ಕೊಡಗಲ್ಲಿ ಗುಡ್ಡ ಕುಸಿದಾಗ ನಾನು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸೋ ಕೆಲಸದಲ್ಲಿದ್ದೆ. ಲಾರಿ ಲಾರಿ ಬಟ್ಟೆ ಬಂತು, ಜನರ ಮನಸ್ಸು ದೊಡ್ಡದು, ಆದ್ರೆ ಮೂಟೆ ಬಿಚ್ಚಿದ್ರೆ ಒಂಟಿ ಚಪ್ಪಲಿ, ಗುಂಡಿ ಇಲ್ಲದ ಪ್ಯಾಂಟು, ಉಪಯೋಗಿಸಿದ ಒಳಉಡುಪು, ಲಾಡಿ ಇಲ್ಲದ ಲಂಗ. ಮನೆ ಕಳ್ಕೊಂಡು ಬಂದ ಹೆಂಗಸರ ಕೈಗೆ ಅದನ್ನ ಕೊಡೋಕೆ ನಮಗೇ ನಾಚಿಕೆ ಆಗ್ತಿತ್ತು. ಮಳೆಯಲ್ಲಿ ನೆನೆದ ಮೂಟೆ ಎತ್ತಿ ಹಾಕೋಕೇ ಬೇರೆ ಜನ ಬೇಕಾಯ್ತು. ನೀವು ಉಡೋಕೆ ಒಪ್ಪೋ ಬಟ್ಟೆ ಆದ್ರೆ ಮಾತ್ರ, ಒಗೆದು, ಒಣಗಿಸಿ, ಗುಂಡಿ ಹಾಕಿ, ಲಾಡಿ ಪೋಣಿಸಿ, ಜೋಡಿ ಜೋಡಿ ಕಟ್ಟಿ ಕೊಡಿ.

ಓದುಗಿ ಹೆಬ್ಬಾಳ
ಗೂಂಜ್ ಸಂಸ್ಥೆ ಇದನ್ನೇ ಮಾಡ್ತಿರೋದು, 1999ರಲ್ಲಿ ಅಂಶು ಗುಪ್ತಾ ಶುರು ಮಾಡಿದ್ದು. ಊರಿನವರು ಬಾವಿ ತೋಡಿ, ರಸ್ತೆ ರಿಪೇರಿ ಮಾಡಿ, ಅದಕ್ಕೆ ಪ್ರತಿಯಾಗಿ ಬಟ್ಟೆ ತಗೋತಾರೆ, ಭಿಕ್ಷೆ ಅನ್ನಿಸಬಾರದು ಅಂತ. ಉಡೋಕಾಗದ ಕಾಟನ್ನಿಂದ ಹೆಂಗಸರಿಗೆ ತಿಂಗಳ ಪ್ಯಾಡ್ ಮಾಡ್ತಾರೆ. ಬೆಂಗಳೂರಲ್ಲೂ ಬಟ್ಟೆ ತಗೋತಾರೆ, ಏನು ತಗೋತಾರೆ ಏನು ಬೇಡ ಅಂತ ಮೊದಲು ಕೇಳಿ ಕೊಡಿ.

ಸಂಪಂಗಿರಾಮನಗರ
ಬಟ್ಟೆಗೆ ಪಾತ್ರೆ ಕೊಡೋ ಹೆಂಗಸರು ಈಗ ಬರಲ್ವಾ ನಿಮ್ಮ ಕಡೆ? ನಾವು ಚಿಕ್ಕೋರಿದ್ದಾಗ ತಲೆ ಮೇಲೆ ಬುಟ್ಟಿ ಹೊತ್ಕೊಂಡು 'ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ' ಅಂತ ಕೂಗ್ತಾ ಬರೋರು. ಅಪ್ಪನ ಒಂದು ಟೆರಿಲಿನ್ ಪ್ಯಾಂಟು ಎರಡು ಸೀರೆಗೆ ಒಂದು ಡಬರಿ. ಅಮ್ಮ ಅರ್ಧ ಗಂಟೆ ಚೌಕಾಸಿ ಮಾಡಿ ಮೇಲೊಂದು ಲೋಟ ಇಸ್ಕೊಳ್ಳೋರು, ಆಮೇಲೆ ಅವರಿಗೇ ಕಾಫಿ ಕೊಟ್ಟು ಕಳಿಸೋರು. ಆ ಲೋಟ ಇನ್ನೂ ನಮ್ಮನೇಲಿದೆ.

ಪಣಂಬೂರು ಗಾಳಿ
ಪಾತ್ರೆ ವಿಷಯಕ್ಕೆ ಹೋದ್ರೆ ಇನ್ನು ಮುಗಿಯುವುದಿಲ್ಲ. ಹೆಸರು ಕೊರೆಸಿದ ಪಾತ್ರೆ ಎಷ್ಟುಂಟು ಒಬ್ಬೊಬ್ಬರ ಮನೆಯಲ್ಲಿ!

ಮೈಸೂರು ಅಗ್ರಹಾರ
ಬ್ಲೌಸ್ ಪೀಸಿಗೆ ಬರೋಣ. 112 ಅಂದ್ರೆ ನನಗೆ ಆಶ್ಚರ್ಯ ಆಗ್ಲಿಲ್ಲ, ವರಮಹಾಲಕ್ಷ್ಮಿಗೆ ಹತ್ತು, ಗೌರಿ ಬಾಗಿನಕ್ಕೆ ಐದು, ಗೃಹಪ್ರವೇಶ, ಸೀಮಂತ ಅಂತ ಬಂದು ಸೇರುತ್ತೆ. ಎಷ್ಟೋ ಪೀಸು ಬರೀ 80 ಸೆಂಟಿಮೀಟರು, ಈಗಿನ ತೋಳಿಗೆ ಸಾಲಲ್ಲ, ಟೈಲರ್ ತಗೊಳ್ಳೋದೇ ಇಲ್ಲ. ನಾವು ಕೊಡ್ತೀವಿ, ಅವರು ಇನ್ನೊಬ್ಬರಿಗೆ ಕೊಡ್ತಾರೆ, ಒಂದು ಸಲ ನಾನು ಕೊಟ್ಟಿದ್ದೇ ಗುರುತಿನ ಸಮೇತ ನನ್ನ ಕೈಗೆ ವಾಪಸ್ ಬಂತು. ನಾನಂತೂ ನಿಲ್ಲಿಸಿದೀನಿ, ಬದಲಿಗೆ ಹಣ್ಣು, ತೆಂಗಿನಕಾಯಿ.

ಸೂರ್ಯಕಾಂತಿ 62
ಅದು ಸರಿಯಲ್ಲ. ಮುತ್ತೈದೆಗೆ ಕಣ ಕೊಡದೆ ಬರೀ ಕೈಲಿ ಕಳಿಸೋದಾ? ಬಳಸದೇ ಇರೋದು ಕೊಡೋರ ತಪ್ಪಲ್ಲ, ಕಳಪೆ ಪೀಸು ಕೊಡೋದು ತಪ್ಪು. ಉಡಿ ತುಂಬೋದಾದ್ರೆ ಒಂದು ಮೀಟರ್ ಒಳ್ಳೇ ಕಾಟನ್ ಕೊಡಿ, ವರ್ಷಕ್ಕೆ ಹತ್ತು ಜನಕ್ಕೆ ಬದಲು ಮೂರು ಜನಕ್ಕೆ ಕೊಡಿ.

ಧಾರವಾಡದಾಕಿ
ಅಮ್ಮಾರ ಮಾತ ಖರೇ. ಗುಳೇದಗುಡ್ಡದ ಖಣ ಕೊಟ್ಟ ನೋಡ್ರಿ, ಯಾರೂ ಮುಂದ ದಾಟಸೂದಿಲ್ಲ, ಹೊಲಿಸಿಕೊಂಡ ಹಾಕ್ಕೋತಾರ. ನೇಕಾರರಿಗೂ ನಾಕ ರೂಪಾಯಿ ಸಿಗತಾವ.

ಮೈಸೂರು ಅಗ್ರಹಾರ
ಖಣ ಕೊಡೋದು ಒಪ್ಪಿದೆ. ಈ ಗೌರಿಗೆ ಮೂರು ತರಿಸ್ತೀನಿ.

ಚಿಕ್ಕಪೇಟೆ ಗಲ್ಲಾ
ಇರೋ ಸಣ್ಣ ಪೀಸುಗಳಲ್ಲಿ ಕಾಟನ್ ಆರಿಸಿ ಸೀರೆ ಚೀಲ ಹೊಲಿಸಿ, ಒಂದೊಂದಕ್ಕೆ ಒಂದು ಸೀರೆ. ಅಗಲವಾಗಿ, ಬಾಯಿಗೆ ಲಾಡಿ. ಬಣ್ಣ ಬಿಡುತ್ತಾ ಅಂತ ಒಮ್ಮೆ ನೀರಲ್ಲಿ ಹಾಕಿ ನೋಡಿ ಹೊಲಿಸಿ, ಕೆಂಪು ಪೀಸಿನ ಬಣ್ಣ ಕ್ರೀಮ್ ಸೀರೆಗೆ ಹತ್ತಿದ್ರೆ ಮುಗೀತು. ಹೊರಗೆ ಒಂದು ಚೀಟಿ ಪಿನ್ ಮಾಡದೆ ದಾರದಲ್ಲಿ ಕಟ್ಟಿ: ಯಾವ ಸೀರೆ, ಯಾವ ಸಮಾರಂಭಕ್ಕೆ ಬಂದಿದ್ದು, ಕಡೇ ಸಲ ಮಡಿಕೆ ಬದಲಾಯಿಸಿದ ತಿಂಗಳು.

ತಿಪಟೂರು ಮಗಳು
ಎರಡು ವಾರ ಆಯ್ತು, ಆಗಿದ್ದು ಹೇಳ್ತೀನಿ. ದಿನಾ ಸಂಜೆ ಕಾಫಿ ಆದ್ಮೇಲೆ ಒಂದು ಗಂಟೆ ಮಾತ್ರ. ಅಮ್ಮ ಕುರ್ಚಿ ಮೇಲೆ, ನಾನು ಚಾಪೆ ಮೇಲೆ, ನಾನು ಬಿಚ್ಚಿ ಹಿಡೀತೀನಿ, ಅಮ್ಮ ಹೇಳ್ತಾರೆ. ಮೂರು ರಾಶಿ ಮಾಡಿದ್ದು ಅಮ್ಮನೇ, ಹೆಸರು ಇಟ್ಟಿದ್ದೂ ಅವರೇ: ಉಡೋದು, ಕೊಡೋದು, ಕೇಳೋದು. ಕೇಳೋದು ಅಂದ್ರೆ ಅತ್ತಿಗೆ, ಚಿಕ್ಕಮ್ಮ, ಸೊಸೆ ಯಾರಿಗಾದ್ರೂ ಬೇಕಾ ಅಂತ ಕೇಳಬೇಕಾದ್ದು. ನಾನು ಫೋಟೋ ತೆಗೆದು ಕಳಿಸ್ತೀನಿ, ಸಂಜೆ ಅವರೇ ಅಮ್ಮನಿಗೆ ಫೋನ್ ಮಾಡ್ತಾರೆ, ಮಾತು ಸೀರೆಯಿಂದ ಶುರುವಾಗಿ ಎಲ್ಲೆಲ್ಲೋ ಹೋಗುತ್ತೆ.

46ರಲ್ಲಿ ಅಮ್ಮ ಉಡೋದು 11. ಕೇಳೋದು 19, ಅದರಲ್ಲಿ 16ಕ್ಕೆ ಮನೆ ಸಿಕ್ಕಿದೆ. ಏಳು ಪೂರ್ತಿ ಪಿಸಿದಿದೆ, ಅವುಗಳ ಅಂಚು ಬಿಡಿಸಿ ಮಗಳ ಲಂಗಕ್ಕೆ ಇಟ್ಟಿದೀವಿ. ಉಳಿದದ್ದು ಇನ್ನೂ ನೋಡಿಲ್ಲ, ಅಮ್ಮ ನಿಧಾನ ಅಂದ್ರು. ಒಂದು ಟ್ರಂಕು ಖಾಲಿ, ಯೂನಿಫಾರಂಗೆ ಬೀರಲ್ಲಿ ಒಂದು ಅರೆ ಅಮ್ಮನೇ ಬಿಟ್ಕೊಟ್ರು. ಮನೆ ಇನ್ನೂ ಇಕ್ಕಟ್ಟೇ.

ಅಪ್ಪನ ಶರ್ಟು ನಿನ್ನೆ ತೆಗೆದ್ವಿ. ಮೇಷ್ಟ್ರೇ, ನೀವು ಹೇಳಿದ್ದು ನಿಜ. ನಾನು ಅಪ್ಪನ ರಿಟೈರ್‌ಮೆಂಟ್ ದಿನದ ಬಿಳೀ ಶರ್ಟು ಇಟ್ಕೊಳ್ತಾರೆ ಅಂದ್ಕೊಂಡಿದ್ದೆ. ಅಮ್ಮ ತೆಗೆದಿದ್ದು ತೋಟಕ್ಕೆ ಹೋಗುವಾಗ ಹಾಕ್ತಿದ್ದ ಕಂದು ಬಣ್ಣದ್ದು, ಕಾಲರ್ ಸವೆದಿರೋದು, ಜೇಬಿನ ಹತ್ರ ಬಾಳೆ ಕಲೆ ಇರೋದು. ಅದನ್ನ ಒಗೆಯೋದೂ ಬೇಡ ಅಂದ್ರು.

ಹಾಸನದ ಮೇಷ್ಟ್ರು
ಸಂತೋಷ ಆಯ್ತಮ್ಮ.

ಧಾರವಾಡದಾಕಿ
ಉಳದ 13 ಅಂಗಿ ಕೌದಿಗೆ ಕಳಸ್ರಿ. ಸಫಾರಿ ಬ್ಯಾಡ, ಪಾಲಿಸ್ಟರ್ ಸೂಜಿ ಹಿಡಿಯೂದಿಲ್ಲ, ಮೈಗೂ ಹಿತ ಅಲ್ಲ. ಕಾಲರು, ಪಟ್ಟಿ ಬಿಚ್ಚಿ, ಗುಂಡಿ ತಗದ, ಇಸ್ತ್ರಿ ಹಾಕಿ ಮಡಚಿ ಇಡ್ರಿ. ನಮ್ಮ ಓಣ್ಯಾಗ ಹೊಲಿಯೂ ಕಾಕೂಗ ನಾ ಹೇಳಿ ಇಡತೇನಿ.

ತಿಪಟೂರು ಮಗಳು
ಗುಂಡಿ ಅಮ್ಮ ಆಗಲೇ ಬಿಚ್ಚಿ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿದಾರೆ. 13 ಶರ್ಟು, 6 ಪಂಚೆ, ಚುಕ್ಕಿ ಸೀರೆ ತುಂಡು ಆರು. ನನಗೊಂದು, ತಮ್ಮನಿಗೊಂದು ಅಂತ ಅಮ್ಮನ ಆಸೆ. ಎರಡು ಕೌದಿ ಆಗುತ್ತಾ?

ಧಾರವಾಡದಾಕಿ
ಎರಡಕ್ಕ ಒಳಗಿನ ಪದರ ಕಡಿಮಿ ಬೀಳತಾವ. ಇನ್ನ ನಾಕ ಕಾಟನ್ ಸೀರಿ ಕೂಡಸ್ರಿ, ಯಾವ ಸೀರಿ ಅಂತ ಅಮ್ಮಾರನ್ನ ಕೇಳಿ ಕಳಸ್ರಿ.